ಕರು ಹಾಕಿದ ಹಸು ಮತ್ತೆ ಗಬ್ಬ ನಿಲ್ಲುವ ಮುನ್ನ

ಹಸು ಸಾಕಲು ಹೊಸದಾಗಿ ಶುರು ಮಾಡಿದವರು ಪಶು ಆಸ್ಪತ್ರೆಗೆ ಹೊತ್ತು ತರುವ ದೂರುಗಳಲ್ಲಿ ಒಂದು ತೀರಾ ಹಳೆಯದು: “ಸಾರ್, ಮೂರು ಸಲ ಇಂಜೆಕ್ಷನ್ ಹಾಕ್ಸಾಯ್ತು, ಹಸು ಗಬ್ಬ ನಿಲ್ತಾನೇ ಇಲ್ಲ.” ಇಂಜೆಕ್ಷನ್ ಎಂದರೆ ಇಲ್ಲಿ ಕೃತಕ ಗರ್ಭಧಾರಣೆ. ಹೀಗೆ ಹೇಳುವವರ ಅನುಮಾನ ಮೊದಲು ಹೋಗುವುದು ವೀರ್ಯದ ಕಡ್ಡಿಯ ಮೇಲೆ, ಆಮೇಲೆ ಅದನ್ನು ಹಾಕಿದವರ ಮೇಲೆ. ಅನುಭವಸ್ಥ ವೈದ್ಯರು ಕೇಳುವುದೇ ಬೇರೆ: “ಹೋದ ಸಲ ಕರು ಹಾಕಿದಾಗ ಕಸ ಎಷ್ಟು ಹೊತ್ತಿಗೆ ಬಿತ್ತು? ಆಮೇಲೆ ಸೋರಿಕೆ ವಾಸನೆ ಬರ್ತಿತ್ತಾ? ಹಸು ಮೇವು ಬಿಟ್ಟಿತ್ತಾ?”

ಮೂರು ತಿಂಗಳ ಹಿಂದಿನ ಸಂಗತಿ ಈಗೇಕೆ ಎಂದು ಕೇಳಿದವರಿಗೆ ಗೊಂದಲವಾಗುವುದು ಸಹಜ. ಆದರೆ ಆ ಪ್ರಶ್ನೆಗಳಲ್ಲೇ ಉತ್ತರವಿದೆ. ಹಸು ಮುಂದೆ ಗಬ್ಬ ನಿಲ್ಲುತ್ತದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಕರು ಹಾಕಿದ ಮೊದಲ ಐದಾರು ವಾರಗಳಲ್ಲಿ. ಆ ವಾರಗಳಲ್ಲಿ ಗರ್ಭಕೋಶದ ಒಳಗೆ ಏನು ನಡೆಯುತ್ತದೆ, ಹೊರಗೆ ನಿಂತ ನಮ್ಮ ಕಣ್ಣಿಗೆ ಅದು ಹೇಗೆ ಗೊತ್ತಾಗುತ್ತದೆ, ನಾವು ಏನು ಮಾಡಬೇಕು, ಏನನ್ನು ಮಾಡಬಾರದು ಎಂಬುದನ್ನು ಒಂದೊಂದಾಗಿ ನೋಡೋಣ. ಇಲ್ಲಿ ಹೇಳುವ ದಿನಗಳ ಲೆಕ್ಕ ಎಚ್‌ಎಫ್ ಮತ್ತು ಜರ್ಸಿ ಮಿಶ್ರತಳಿ ಹಸುಗಳದ್ದು. ಕರುವಿಗೆ ಮೊಲೆಯುಣಿಸುವ ನಾಟಿ ಹಸುಗಳು ಮತ್ತು ಎಮ್ಮೆಗಳು ಮತ್ತೆ ಬೆದೆಗೆ ಬರಲು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ.

ಮೊದಲು ಒಂದು ಲೆಕ್ಕ

ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೆ 365 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಉಳಿಯುವುದು 85 ದಿನ. ಅಷ್ಟರಲ್ಲಿ ಗರ್ಭಕೋಶ ಮೊದಲಿನ ಸ್ಥಿತಿಗೆ ಬರಬೇಕು, ಅಂಡಾಶಯ ಮತ್ತೆ ಕೆಲಸ ಶುರು ಮಾಡಬೇಕು, ಹಸು ಬೆದೆಗೆ ಬರಬೇಕು, ಅದು ನಮ್ಮ ಕಣ್ಣಿಗೆ ಬೀಳಬೇಕು, ಗಬ್ಬವೂ ನಿಲ್ಲಬೇಕು. ಇದೇ 85 ದಿನಗಳಲ್ಲಿ ಹಸು ತನ್ನ ಹಾಲಿನ ಏರುಗತಿಯ ತುದಿಯನ್ನೂ ಮುಟ್ಟುತ್ತದೆ. ಆದ್ದರಿಂದಲೇ ಹೆಚ್ಚು ಹಾಲು ಕರೆಯುವ ಹಸುಗಳಲ್ಲಿ ಹದಿಮೂರು ತಿಂಗಳಿಗೊಂದು ಕರುವಾದರೂ ಸಾಕೆನ್ನುವವರಿದ್ದಾರೆ. ಅದನ್ನೂ ದಾಟಿದರೆ ನಷ್ಟ. ಒಂದು ಬೆದೆ ಕೈತಪ್ಪಿತೆಂದರೆ 21 ದಿನದ ಮೇವು, ಹಿಂಡಿ, ಕೂಲಿ ಮುಂದಿನ ಕರುವಿನ ಲೆಕ್ಕಕ್ಕೆ ಸೇರುತ್ತದೆ. ಹಾಲು ಡೇರಿಯ ಬಟವಾಡೆ ಚೀಟಿಯಲ್ಲಿ ಈ ನಷ್ಟ ಎಲ್ಲೂ ಕಾಣುವುದಿಲ್ಲ.

ಒಂದು ತಿಂಗಳಲ್ಲಿ ಹತ್ತು ಕಿಲೋದಿಂದ ಒಂದಕ್ಕೆ

ಹಸುವಿನ ಗರ್ಭಕೋಶಕ್ಕೆ ಎರಡು ಕೊಂಬುಗಳಿವೆ. ಎರಡೂ ಕೂಡುವ ಕಡೆ ಚಿಕ್ಕದೊಂದು ಒಡಲು, ಅದರ ಬಾಯಿಗೆ ಗಟ್ಟಿಯಾದ ಗರ್ಭಕಂಠ. ಕರು ಬೆಳೆಯುವುದು ಸಾಮಾನ್ಯವಾಗಿ ಒಂದು ಕೊಂಬಿನಲ್ಲಿ. ಕರು ಹಾಕಿದ ಕೂಡಲೇ ಈ ಗರ್ಭಕೋಶ ಸುಮಾರು ಒಂದು ಮೀಟರ್ ಉದ್ದ, ಒಂಬತ್ತು ಹತ್ತು ಕಿಲೋ ತೂಕ ಇರುತ್ತದೆ. ಮೂವತ್ತು ದಿನ ಕಳೆಯುವಷ್ಟರಲ್ಲಿ ತೂಕ ಸುಮಾರು ಒಂದು ಕಿಲೋಗೆ ಇಳಿದಿರುತ್ತದೆ. 1968ರಲ್ಲಿ ಅಮೆರಿಕದ ಗೀರ್ ಮತ್ತು ಮೇರಿಯನ್ ಎಂಬ ಇಬ್ಬರು ವಿಜ್ಞಾನಿಗಳು ಈ ಕುಗ್ಗುವಿಕೆಯನ್ನು ಅಳೆದು ಪ್ರಕಟಿಸಿದರು. ಅವರ ಪ್ರಕಾರ ಐದು ದಿನಕ್ಕೆ ಕೊಂಬಿನ ಅಗಲ ಅರ್ಧವಾಗುತ್ತದೆ, ಒಂದು ವಾರಕ್ಕೆ ತೂಕ ಅರ್ಧವಾಗುತ್ತದೆ, ಹದಿನೈದು ದಿನಕ್ಕೆ ಉದ್ದ ಅರ್ಧವಾಗುತ್ತದೆ. ಇಷ್ಟು ವೇಗವಾಗಿ ಇಷ್ಟು ಚಿಕ್ಕದಾಗುವ ಅಂಗ ಹಸುವಿನ ಮೈಯಲ್ಲಿ ಇನ್ನೊಂದಿಲ್ಲ.

ಕುಗ್ಗುವುದು ಕೆಲಸದ ಒಂದು ಭಾಗ. ಒಳಪದರ ಹೊಸದಾಗಿ ಹುಟ್ಟಬೇಕಾದದ್ದು ಇನ್ನೊಂದು ಭಾಗ. ಗರ್ಭಕೋಶದ ಒಳಗೋಡೆಯಲ್ಲಿ ಎಂಬತ್ತರಿಂದ ನೂರಿಪ್ಪತ್ತರಷ್ಟು ದಪ್ಪ ಗಂಟುಗಳಿರುತ್ತವೆ. ಕರುವನ್ನು ಸುತ್ತಿದ ಪೊರೆ ಈ ಗಂಟುಗಳನ್ನು ಕಚ್ಚಿಕೊಂಡಿರುತ್ತದೆ, ಅಂಗಿಯ ಗುಂಡಿಗೆ ಕಾಜ ಸಿಕ್ಕಿಸಿದ ಹಾಗೆ. ತಾಯಿಯ ರಕ್ತದಿಂದ ಕರುವಿಗೆ ಆಹಾರ ಹೋಗುವುದು ಈ ಜಾಗಗಳಲ್ಲೇ. ಪೊರೆ ಬಿಟ್ಟುಕೊಂಡ ಮೇಲೆ ಆ ಗಂಟುಗಳ ಮೇಲ್ಭಾಗ ಸತ್ತು, ಕರಗಿ, ಸುಮಾರು ಹನ್ನೆರಡು ದಿನಗಳಲ್ಲಿ ಕಳಚಿಕೊಳ್ಳುತ್ತದೆ. ಆಮೇಲೆ ಹೊಸ ಪದರ ಮುಚ್ಚಿಕೊಳ್ಳಬೇಕು. ಮೇಲ್ಮೈ ಮುಚ್ಚಲು ಸುಮಾರು 25 ದಿನ ಬೇಕು. ಒಳಗಿನ ಪದರಗಳು ಪೂರ್ತಿ ಸರಿಹೋಗಲು ಆರರಿಂದ ಎಂಟು ವಾರ. ಹಸು ಎಷ್ಟೇ ಲವಲವಿಕೆಯಿಂದಿದ್ದರೂ 45 ದಿನಕ್ಕೆ ಮೊದಲು ಕೃತಕ ಗರ್ಭಧಾರಣೆ ಮಾಡಿಸಬೇಡಿ ಎನ್ನುವುದು ಇದೇ ಕಾರಣಕ್ಕೆ.

ಮೊದಲ ದಿನ: ಕಸ ಬೀಳುವುದು

ಕರುವನ್ನು ಸುತ್ತಿದ್ದ ಪೊರೆಯನ್ನು ಕಸ ಎನ್ನುತ್ತೇವೆ. ಸತ್ತೆ, ಮಾಸು ಎಂಬ ಹೆಸರುಗಳೂ ಇವೆ. ಸಾಮಾನ್ಯವಾಗಿ ಇದು ಕರು ಹಾಕಿದ ಆರೆಂಟು ಗಂಟೆಯೊಳಗೆ ಬೀಳುತ್ತದೆ. ಹನ್ನೆರಡು ಗಂಟೆ ದಾಟಿದರೆ ವೈದ್ಯರಿಗೆ ಫೋನ್ ಮಾಡಿ. ಇಪ್ಪತ್ನಾಲ್ಕು ಗಂಟೆ ದಾಟಿದರೆ ಕಸ ನಿಂತಿದೆ ಎಂದೇ ಲೆಕ್ಕ.

ಕಸ ತಾನಾಗಿ ಬೀಳುವುದೆಂದರೆ ಗರ್ಭಕೋಶ ಹಿಂಡಿ ಹೊರಗೆ ತಳ್ಳುವುದು ಎಂದು ಅನೇಕರು ತಿಳಿದಿರುತ್ತಾರೆ. ಹಿಂಡುವುದೂ ಬೇಕು, ಆದರೆ ಅದಕ್ಕಿಂತ ಮೊದಲು ಆ ಗಂಟುಗಳಲ್ಲಿ ಪೊರೆಯ ಹಿಡಿತ ಸಡಿಲಬೇಕು. ಅದನ್ನು ಸಡಿಲಿಸುವ ಕೆಲಸದಲ್ಲಿ ಹಸುವಿನ ರಕ್ತದ ಬಿಳಿಕಣಗಳಿಗೆ ದೊಡ್ಡ ಪಾಲಿದೆ. ಹಸುವಿನ ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಈ ಕೆಲಸ ನಿಧಾನವಾಗುತ್ತದೆ. ಅವಧಿಗೆ ಮುಂಚೆ ಕರು ಹಾಕಿದ್ದು, ಗಬ್ಬ ಜಾರಿದ್ದು, ಅವಳಿ ಕರು, ಕಷ್ಟದ ಹೆರಿಗೆ, ಕ್ಯಾಲ್ಸಿಯಂ ಕೊರತೆ, ವಿಟಮಿನ್ ಇ ಮತ್ತು ಸೆಲೆನಿಯಂ ಕೊರತೆ, ಬ್ರುಸೆಲ್ಲೋಸಿಸ್ ಸೋಂಕು: ಕಸ ನಿಲ್ಲಲು ಇವು ಮುಖ್ಯ ಕಾರಣಗಳು.

ಹಿಡಿತ ಬಿಡದ ಕಸವನ್ನು ಕೈಹಾಕಿ ಎಳೆದರೆ ಏನಾಗುತ್ತದೆಂದು ಈಗ ನೀವೇ ಊಹಿಸಬಹುದು. ಗಂಟುಗಳು ಕಿತ್ತು ಬರುತ್ತವೆ, ರಕ್ತ ಸೋರುತ್ತದೆ, ಚೂರುಗಳು ಒಳಗೇ ಉಳಿಯುತ್ತವೆ, ಕೈಯ ಕೊಳೆ ಹಸಿಗಾಯಕ್ಕೆ ಹೋಗುತ್ತದೆ. ಜೋತುಬಿದ್ದ ಕಸಕ್ಕೆ ಕಲ್ಲನ್ನೋ ಹಳೆಯ ಚಪ್ಪಲಿಯನ್ನೋ ಕಟ್ಟಿ ಭಾರ ಬಿಡುವುದೂ ಅದೇ ತಪ್ಪು. ಮೊದಲೆಲ್ಲ ವೈದ್ಯರೇ ಕೈಯಿಂದ ಬಿಡಿಸುತ್ತಿದ್ದರು. ಈಗ ಬಲವಂತವಾಗಿ ಬಿಡಿಸಬಾರದೆಂಬ ಅಭಿಪ್ರಾಯವೇ ಬಲವಾಗಿದೆ. ಕಸ ನಿಂತಿದ್ದರೂ ಹಸುವಿಗೆ ಜ್ವರವಿಲ್ಲ, ಮೇವು ತಿನ್ನುತ್ತಿದೆ ಎಂದರೆ ಕಾದು ನೋಡಬಹುದು. ಕೆಲವು ದಿನಗಳಲ್ಲಿ ಅದು ಕೊಳೆತು ತಾನಾಗಿ ಬೀಳುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಸಂಜೆ ಮೈಬಿಸಿ ನೋಡುವುದು ಮಾತ್ರ ತಪ್ಪಬಾರದು.

ಬಿದ್ದ ಕಸವನ್ನು ಹಸು ತಿನ್ನಲು ಬಿಡಬೇಡಿ. ತಿಪ್ಪೆಗೂ ಎಸೆಯಬೇಡಿ. ನಾಯಿಗಳು ಎಳೆದಾಡಿ ಸೋಂಕನ್ನು ಊರಿಗೆಲ್ಲ ಹಂಚುತ್ತವೆ. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಹಸುವಿನ ಸುತ್ತ ಓಡಾಡುವಾಗ ಬರಿಗೈಯಲ್ಲಿ ಕಸವನ್ನಾಗಲಿ ಸೋರಿಕೆಯನ್ನಾಗಲಿ ಮುಟ್ಟಬೇಡಿ. ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಅಂಟುತ್ತದೆ. ಬಂದುಹೋಗುವ ಜ್ವರ, ಕೀಲುನೋವು ಎಂದು ತಿಂಗಳುಗಟ್ಟಲೆ ನರಳಿಸುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಂದೇ ಸಲ ಹಾಕುವ ಲಸಿಕೆ ಇದಕ್ಕಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಪಶು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಬ್ರುಸೆಲ್ಲೋಸಿಸ್ ಕೂಡ ಸೇರಿದೆ. ನಿಮ್ಮ ಹೆಣ್ಣುಕರುವಿಗೆ ಆ ವಯಸ್ಸು ದಾಟುವ ಮೊದಲು ಹಾಕಿಸಿಕೊಳ್ಳಿ.

ಸೋರಿಕೆಯನ್ನು ನೋಡುವುದು ಹೇಗೆ

ಗರ್ಭಕೋಶ ತನ್ನ ಸಮಾಚಾರವನ್ನು ಹೊರಗೆ ಕಳುಹಿಸುವುದು ಸೋರಿಕೆಯ ಮೂಲಕ. ಅದನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಬೆಳಗ್ಗೆ ಹಾಲು ಕರೆಯುವ ಮೊದಲು, ಹಸು ಇನ್ನೂ ಮಲಗಿರುವಾಗಲೇ ಕೊಟ್ಟಿಗೆಗೆ ಹೋಗಿ. ಹಸು ಮಲಗಿದಾಗ ಹೊಟ್ಟೆಯ ಒತ್ತಡಕ್ಕೆ ಒಳಗಿದ್ದದ್ದು ಹೊರಗೆ ಬರುತ್ತದೆ. ಹಸುವನ್ನು ಎಬ್ಬಿಸಿ, ಬಾಲದ ಹಿಂದಿನ ನೆಲ ನೋಡಿ. ಬಾಲದ ಒಳಮೈ ನೋಡಿ. ನೆಲ ತೊಳೆದ ಮೇಲೆ ಹೋದರೆ ಏನೂ ಕಾಣುವುದಿಲ್ಲ. ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ಗುಡಿಸುವವರಿಗೆ ಗೊತ್ತಿರುವ ಸಂಗತಿ ಹಸು ಕೊಂಡವರಿಗೆ ಗೊತ್ತಿರುವುದಿಲ್ಲ. ಕಸಬರಿಕೆ ಹಿಡಿದವರನ್ನು ಕೇಳಿ.

ಮೊದಲ ಎರಡು ಮೂರು ದಿನ ಸೋರಿಕೆ ಹೆಚ್ಚು. ಬಣ್ಣ ಕೆಂಪುಮಿಶ್ರಿತ ಕಂದು. ಕೊಂಚ ಮಂದವಾಗಿರುತ್ತದೆ, ಅಲ್ಲಲ್ಲಿ ಚೂರುಗಳಿರುತ್ತವೆ. ನೋಡಲು ಹಿತವಲ್ಲದಿದ್ದರೂ ಕೊಳೆತ ನಾತ ಇರುವುದಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಪ್ರಮಾಣ ತಗ್ಗುತ್ತದೆ. ಹದಿನಾಲ್ಕರಿಂದ ಹದಿನೆಂಟನೇ ದಿನದ ಹೊತ್ತಿಗೆ ಬಹುಮಟ್ಟಿಗೆ ನಿಂತು, ಕೊನೆಗೆ ತಿಳಿಯಾದ ಲೋಳೆ ಮಾತ್ರ ಉಳಿಯುತ್ತದೆ. ಈ ಸೋರಿಕೆ ಕಂಡು ಹೆದರಿ ಔಷಧಿ ಕೇಳುವ ಹೊಸಬರಿದ್ದಾರೆ. ಇದು ಆಗಲೇಬೇಕಾದ ಶುದ್ಧೀಕರಣ, ಇದಕ್ಕೆ ಔಷಧಿ ಬೇಡ.

ಸೋರಿಕೆ ನೀರುನೀರಾಗಿ, ಕೆಂಪು ಕಂದಾಗಿ, ದೂರಕ್ಕೇ ಮೂಗು ಮುಚ್ಚಿಸುವಷ್ಟು ನಾರುತ್ತಿದ್ದರೆ ಮಾತು ಬೇರೆ. ಆಗ ಹಸುವಿನ ಮೈಬಿಸಿ ನೋಡಿ. ಹಸುವಿನ ಸಹಜ ಮೈಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದ್ದು, ಮೇವು ಬಿಟ್ಟು, ಹಾಲು ಇಳಿದು, ಮಂಕಾಗಿ ನಿಂತಿದ್ದರೆ ಅದು ಗರ್ಭಕೋಶದ ತೀವ್ರ ಉರಿಯೂತ. ಹೆಚ್ಚಾಗಿ ಮೊದಲ ಹತ್ತು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಒಂದು ದಿನ ತಡವಾದರೂ ಹಸುವಿನ ಜೀವಕ್ಕೆ ಅಪಾಯ. ಸರ್ಕಾರಿ ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಿಕೊಳ್ಳಬಹುದು. ಮೂಲಂಗಿ, ಬೆಂಡೆಕಾಯಿ ಬೆಲ್ಲ, ಬಿದಿರು ಸೊಪ್ಪು ತಿನ್ನಿಸುವ ರೂಢಿ ನಮ್ಮಲ್ಲಿದೆ. ಆರೋಗ್ಯವಾಗಿರುವ ಹಸುವಿಗೆ ಕೊಟ್ಟರೆ ತಕರಾರಿಲ್ಲ. ಜ್ವರವಿರುವ ಹಸುವಿಗೆ ಸೊಪ್ಪು ತಿನ್ನಿಸಿ ಕಾಯುತ್ತ ಕೂರಬೇಡಿ. ವೈದ್ಯರು ಆಂಟಿಬಯಾಟಿಕ್ ಕೊಟ್ಟರೆ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಎಂದು ಅವರನ್ನೇ ಕೇಳಿ, ಅಷ್ಟು ದಿನ ಹಾಕಬೇಡಿ.

ರೋಗಾಣು ಬರುವುದು ಸಹಜ, ಉಳಿಯುವುದು ಸಹಜವಲ್ಲ

ಕರು ಹೊರಗೆ ಬರುವಾಗ ಗರ್ಭಕಂಠ ಪೂರ್ತಿ ತೆರೆದಿರುತ್ತದೆ. ಸಗಣಿ, ನೆಲ, ಬಾಲ, ನಮ್ಮ ಕೈ, ಎಲ್ಲ ಕಡೆಯಿಂದಲೂ ರೋಗಾಣುಗಳು ಒಳಗೆ ನುಗ್ಗುತ್ತವೆ. ಮೊದಲ ಎರಡು ವಾರಗಳಲ್ಲಿ ಪರೀಕ್ಷಿಸಿದರೆ ಹತ್ತರಲ್ಲಿ ಎಂಟು ಒಂಬತ್ತು ಹಸುಗಳ ಗರ್ಭಕೋಶದಲ್ಲಿ ರೋಗಾಣು ಸಿಗುತ್ತವೆ. ಹೆಚ್ಚಿನ ಹಸುಗಳು ಅವನ್ನು ತಾವೇ ತೊಳೆದುಹಾಕುತ್ತವೆ: ಗರ್ಭಕೋಶ ಹಿಂಡಿಕೊಳ್ಳುತ್ತದೆ, ಸೋರಿಕೆ ಹೊರಗೆ ಹೋಗುತ್ತದೆ, ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ. ಕರು ಮೊಲೆ ಚೀಪುವಾಗ, ನಾವು ಹಾಲು ಕರೆಯುವಾಗ ಬಿಡುಗಡೆಯಾಗುವ ಆಕ್ಸಿಟೋಸಿನ್ ಕೂಡ ಗರ್ಭಕೋಶವನ್ನು ಹಿಂಡುತ್ತದೆ.

ತೊಳೆಯಲಾಗದೆ ಉಳಿದದ್ದು ಮೂರು ವಾರದ ನಂತರ ಕೀವಾಗಿ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಹಸುವಿಗೆ ಜ್ವರ ಇರುವುದಿಲ್ಲ, ಮೇವು ತಿನ್ನುತ್ತದೆ, ಹಾಲನ್ನೂ ಕೊಡುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಬಾಲದ ಬುಡದಲ್ಲಿ ಒಣಗಿದ ಹಳದಿ ಪಟ್ಟಿ, ಬೆದೆಯ ಲೋಳೆಯಲ್ಲಿ ಬಿಳಿ ಚುಕ್ಕೆ, ಮಲಗಿದ ಜಾಗದಲ್ಲಿ ಮೊಸರಿನ ಬಣ್ಣದ ಕಲೆ: ಇಷ್ಟೇ ಗುರುತು. ಲೋಳೆಯನ್ನು ಎರಡು ಬೆರಳಿನ ನಡುವೆ ಎಳೆದು ಬೆಳಕಿಗೆ ಹಿಡಿದು ನೋಡಿ, ಕೈಗವಸು ಹಾಕಿಕೊಂಡು. ಪೂರ್ತಿ ತಿಳಿಯಾಗಿದ್ದರೆ ಒಳ್ಳೆಯದು. ಒಂದೆರಡು ಬಿಳಿ ಎಳೆಗಳಿದ್ದರೂ ಆ ಬೆದೆಗೆ ಕೃತಕ ಗರ್ಭಧಾರಣೆ ಮಾಡಿಸದೆ ವೈದ್ಯರಿಗೆ ತೋರಿಸಿ.

ಇನ್ನೊಂದು ಸ್ಥಿತಿ ಇದಕ್ಕಿಂತ ಮೋಸದ್ದು. ಸಾಮಾನ್ಯ ಹಸುವಿನಲ್ಲಿ ಬೆದೆಯಾದ ಹದಿನಾರು ಹದಿನೇಳನೇ ದಿನದ ಹೊತ್ತಿಗೆ ಗರ್ಭಕೋಶದಿಂದ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೊರಟು ಅಂಡಾಶಯಕ್ಕೆ ಸುದ್ದಿ ಮುಟ್ಟಿಸುತ್ತದೆ, ಆಗ ಮತ್ತೊಂದು ಬೆದೆ ಬರುತ್ತದೆ. ಗರ್ಭಕೋಶದ ತುಂಬ ಕೀವು ನಿಂತಿದ್ದರೆ ಈ ಸುದ್ದಿ ಹೋಗುವುದೇ ಇಲ್ಲ. ಹಸು ಬೆದೆಗೆ ಬರುವುದಿಲ್ಲ. ಮನೆಯವರು ಗಬ್ಬವಾಗಿದೆ ಎಂದುಕೊಂಡು ಖುಷಿಯಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ಆದ್ದರಿಂದ ಬೆದೆ ಬರಲಿಲ್ಲವೆಂದು ಗಬ್ಬ ನಿಂತಿದೆ ಎಂದು ನಂಬಬೇಡಿ. ಕೃತಕ ಗರ್ಭಧಾರಣೆಯಾಗಿ ಅರವತ್ತು ದಿನಕ್ಕೆ ಗಬ್ಬ ಪರೀಕ್ಷೆ ಮಾಡಿಸಿ. ಅಲ್ಟ್ರಾಸೌಂಡ್ ಯಂತ್ರ ಇರುವ ಕಡೆ ಒಂದು ತಿಂಗಳಿಗೇ ಗೊತ್ತಾಗುತ್ತದೆ.

ತಿರುಗುವ ಹಸುವಿನ ಒಳಗೆ ಏನಾಗುತ್ತಿದೆ?

ಲೇಖನದ ಮೊದಲಿನ ದೂರಿಗೆ ಈಗ ಬರೋಣ. ಸರಿಯಾದ ಹೊತ್ತಿಗೆ ಒಳ್ಳೆಯ ವೀರ್ಯ ಹಾಕಿದರೆ ಹೆಚ್ಚಿನ ಹಸುಗಳಲ್ಲಿ ಅಂಡಕ್ಕೆ ವೀರ್ಯಾಣು ಸೇರಿ ಭ್ರೂಣ ಹುಟ್ಟುತ್ತದೆ. ತೊಡಕು ಆಮೇಲಿನದು. ಆ ಭ್ರೂಣ ನಾಲ್ಕೈದು ದಿನಕ್ಕೆ ಗರ್ಭಕೋಶಕ್ಕೆ ಇಳಿದು, ಅಲ್ಲಿನ ರಸವನ್ನು ಕುಡಿದು ಬೆಳೆಯಬೇಕು. ಹದಿನಾರು ಹದಿನೇಳನೇ ದಿನದ ಹೊತ್ತಿಗೆ ‘ನಾನು ಇಲ್ಲಿದ್ದೇನೆ’ ಎಂದು ತಾಯಿಗೆ ರಾಸಾಯನಿಕ ಸಂಕೇತ ಕೊಡಬೇಕು. ಕೊಟ್ಟರೆ ಮೇಲೆ ಹೇಳಿದ ಪ್ರೊಸ್ಟಗ್ಲಾಂಡಿನ್ ತಡೆಯಾಗಿ ಗಬ್ಬ ನಿಲ್ಲುತ್ತದೆ. ಒಳಪದರದಲ್ಲಿ ಕಣ್ಣಿಗೆ ಕಾಣದ ಉರಿಯೂತ ಉಳಿದಿದ್ದರೆ ಭ್ರೂಣ ಅಷ್ಟು ದಿನ ಬದುಕುವುದಿಲ್ಲ. ಹಸು ಸರಿಯಾಗಿ 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ, ಅಂದರೆ ತಿರುಗುತ್ತದೆ. ಲೋಳೆ ತಿಳಿಯಾಗಿರುತ್ತದೆ, ಹಸು ಆರೋಗ್ಯವಾಗಿ ಕಾಣುತ್ತದೆ. ಮನೆಯವರ ಕಣ್ಣಿಗೆ ಇದು ‘ಗಬ್ಬವೇ ಆಗಲಿಲ್ಲ’ ಎಂಬಂತೆ ಕಾಣುತ್ತದೆ. ನಿಜವಾಗಿ ಗಬ್ಬವಾಗಿ, ನಿಲ್ಲಲಾಗದೆ ಹೋಗಿದೆ.

ಮೂರು ಸಲ ತಿರುಗಿದ ಹಸುವಿಗೆ ನಾಲ್ಕನೇ ಸಲ ವೀರ್ಯ ಬದಲಿಸುವುದಕ್ಕಿಂತ ಗರ್ಭಕೋಶ ತೋರಿಸುವುದು ಮೇಲು ಎನ್ನುವುದು ಈ ಕಾರಣಕ್ಕೆ. ಹಸು 21 ದಿನಕ್ಕೆ ತಿರುಗದೆ 35, 40 ದಿನಕ್ಕೆ ತಿರುಗಿದರೆ ಆ ದಿನಾಂಕವನ್ನೂ ವೈದ್ಯರಿಗೆ ಹೇಳಿ. ನಡುವೆ ಒಂದು ಬೆದೆ ನಮ್ಮ ಕಣ್ಣು ತಪ್ಪಿಸಿತೋ, ಭ್ರೂಣ ತಡವಾಗಿ ಸತ್ತಿತೋ ಎಂದು ಅವರು ಯೋಚಿಸಲು ಅದೇ ಸುಳಿವು.

ಮೇವಿನ ಪಾಲು

ಗರ್ಭಕೋಶದ ಕತೆ ಕರು ಹಾಕಿದ ದಿನ ಶುರುವಾಗುವುದಿಲ್ಲ, ಅದಕ್ಕೆ ಎರಡು ತಿಂಗಳ ಹಿಂದೆ ಹಾಲು ಬತ್ತಿಸಿದ ದಿನ ಶುರುವಾಗುತ್ತದೆ. ಆ ಅರವತ್ತು ದಿನ ಹಸುವಿಗೆ ರಜೆ. ಆದರೆ ಹಾಲಿಲ್ಲದ ಹಸು ಎಂದು ಬರೀ ಒಣಹುಲ್ಲಿಗೆ ಬಿಡುವುದೂ ತಪ್ಪು, ಮುಂದೆ ಹಾಲು ಬರಲಿ ಎಂದು ಕೊಬ್ಬಿಸುವುದೂ ತಪ್ಪು. ಹಸುವಿನ ಹಿಂದೆ ನಿಂತು ನೋಡಿ. ಸೊಂಟದ ಮೂಳೆಗಳು ಕಾಣಬೇಕು, ಚುಚ್ಚುವಂತೆ ಎದ್ದಿರಬಾರದು. ಬಾಲದ ಬುಡದ ಎರಡೂ ಕಡೆ ಸಣ್ಣ ಗುಳಿ ಇರಬೇಕು, ಕೊಬ್ಬು ತುಂಬಿ ಮುಚ್ಚಿರಬಾರದು. ಐದಕ್ಕೆ ಅಂಕ ಕೊಡುವ ವೈದ್ಯರ ಲೆಕ್ಕದಲ್ಲಿ ಇದು ಮೂರರಿಂದ ಮೂರೂವರೆ.

ಕರು ಹಾಕಿದ ದಿನ ಕ್ಯಾಲ್ಸಿಯಂ ಮುಖ್ಯವಾಗುತ್ತದೆ. ಹತ್ತು ಲೀಟರ್ ಗಿಣ್ಣು ಹಾಲಿನಲ್ಲಿ ಇಪ್ಪತ್ತು ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ. ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು ಮೂರು ಗ್ರಾಂ. ಉಳಿದದ್ದನ್ನು ಮೂಳೆಯಿಂದ, ಕರುಳಿನಿಂದ ತಕ್ಷಣ ಎಳೆದುಕೊಳ್ಳಬೇಕು. ಎಳೆದುಕೊಳ್ಳಲಾಗದ ಹಸು ಹಾಲುಜ್ವರಕ್ಕೆ ಬಿದ್ದು ಕಿವಿ ತಣ್ಣಗಾಗಿ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಡುತ್ತದೆ. ಅಷ್ಟು ಕಡಿಮೆಯಾಗದಿದ್ದರೂ ಗರ್ಭಕೋಶದ ಸ್ನಾಯು ಸಡಿಲವಾಗುತ್ತದೆ. ಹಿಂಡುವ ಶಕ್ತಿ ಇರುವುದಿಲ್ಲ, ಬಿಳಿಕಣಗಳೂ ಮಂಕಾಗುತ್ತವೆ. ಕಸ ನಿಲ್ಲುವುದು, ಸೋರಿಕೆ ಒಳಗೇ ಕೊಳೆಯುವುದು ಅಲ್ಲಿಂದ ಮುಂದಿನ ಹಾದಿ.

ಹೊಸಬರು ಇಲ್ಲಿ ಎಡವುವುದು ಒಂದು ವಿಚಿತ್ರ ಜಾಗದಲ್ಲಿ. ಕ್ಯಾಲ್ಸಿಯಂ ಒಳ್ಳೆಯದೆಂದು ಗಬ್ಬದ ಕೊನೆಯ ತಿಂಗಳಲ್ಲೇ ಬಾಟಲಿಗಟ್ಟಲೆ ಕುಡಿಸುತ್ತಾರೆ. ಹೊರಗಿನಿಂದ ಧಾರಾಳವಾಗಿ ಸಿಕ್ಕಾಗ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುವ ದೇಹದ ವ್ಯವಸ್ಥೆ ನಿದ್ದೆ ಹೋಗುತ್ತದೆ. ಕರು ಹಾಕಿದ ದಿನ ಬೇಕೆಂದಾಗ ಅದು ಎದ್ದೇಳುವಷ್ಟರಲ್ಲಿ ತಡವಾಗಿರುತ್ತದೆ. ಕೊನೆಯ ಮೂರು ವಾರ ಹೆಚ್ಚುವರಿ ಕ್ಯಾಲ್ಸಿಯಂ ಬೇಡ. ಕರು ಹಾಕಿದ ಮೇಲೆ ವೈದ್ಯರು ಹೇಳಿದಷ್ಟು ಕೊಡಿ. ಅದೇ ಮೂರು ವಾರಗಳಲ್ಲಿ ಪಶು ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಬನ್ನಿ. ಕರು ಹಾಕಿದ ಮರುದಿನವೇ ಹಿಂಡಿ ಸುರಿದರೆ ಹೊಟ್ಟೆ ಕೆಡುತ್ತದೆ.

ಹಾಲಿನ ಪ್ರಮಾಣ ತುದಿ ಮುಟ್ಟುವುದು ಆರರಿಂದ ಎಂಟನೇ ವಾರಕ್ಕೆ. ಮೇವು ತಿನ್ನುವ ಶಕ್ತಿ ತುದಿ ಮುಟ್ಟುವುದು ಹತ್ತು ಹನ್ನೆರಡನೇ ವಾರಕ್ಕೆ. ನಡುವಿನ ವಾರಗಳಲ್ಲಿ ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲು ಮಾಡುತ್ತದೆ. ಸ್ವಲ್ಪ ಕರಗುವುದು ಎಲ್ಲ ಹಸುಗಳಲ್ಲೂ ಉಂಟು. ವಿಪರೀತ ಕರಗಿದರೆ ಗರ್ಭಕೋಶ ವಾಸಿಯಾಗುವುದೂ ತಡ, ಬೆದೆಯೂ ತಡ. ಅಮೆರಿಕದ ವಿಜ್ಞಾನಿ ಜ್ಯಾಕ್ ಬ್ರಿಟ್ 1990ರ ದಶಕದ ಆರಂಭದಲ್ಲಿ ಇದಕ್ಕೆ ಇನ್ನೊಂದು ಮುಖ ತೋರಿಸಿದರು: ಒಂದು ಅಂಡ ಬೆಳೆದು ಬಿಡುಗಡೆಗೆ ಸಿದ್ಧವಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು, ಹಾಗಾಗಿ ಕರು ಹಾಕಿದ ವಾರಗಳಲ್ಲಿ ಹಸು ಉಪವಾಸವಿದ್ದಂತಾದರೆ ಅದರ ಪೆಟ್ಟು ಎರಡು ಮೂರು ತಿಂಗಳ ನಂತರದ ಅಂಡದಲ್ಲಿ ಕಾಣಬಹುದು.

ಹಾಗಾದರೆ ಎಷ್ಟು ಕೊಡಬೇಕು? ಮೈಕಾಪಾಡಿಗೆ ಒಂದೂವರೆ ಕಿಲೋ ಪಶು ಆಹಾರ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಜೊತೆಗೆ ಹೊಟ್ಟೆ ತುಂಬ ಹಸಿಮೇವು ಮತ್ತು ರಾಗಿ ಹುಲ್ಲೋ ಜೋಳದ ಸಪ್ಪೆಯೋ ಎಂಬುದು ಸಾಮಾನ್ಯ ಲೆಕ್ಕ. ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ಯಾವ ಸೀಮೆಯ ಮಣ್ಣು, ಮೇವಿನಲ್ಲಿ ಯಾವ ಖನಿಜ ಕಡಿಮೆ ಎಂಬುದು ಊರಿಂದೂರಿಗೆ ಬೇರೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇಂಥ ಕೊರತೆಗಳ ಮೇಲೆ ಕೆಲಸ ಮಾಡಿದೆ. ನಿಮ್ಮ ಸೀಮೆಗೆ ಹೊಂದುವ ಮಿಶ್ರಣ ಯಾವುದೆಂದು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಬೆದೆ ಮತ್ತು ಹೊತ್ತು

ಆರೋಗ್ಯವಾಗಿರುವ ಹಸುವಿನಲ್ಲಿ ಮೊದಲ ಅಂಡ ಬಿಡುಗಡೆಯಾಗುವುದು ಕರು ಹಾಕಿದ ಸುಮಾರು ಮೂರು ವಾರಕ್ಕೆ. ಆಗ ಬೆದೆಯ ಲಕ್ಷಣ ಕಾಣುವುದು ಅಪರೂಪ. ಎರಡನೆಯ, ಮೂರನೆಯ ಬೆದೆ ಸ್ಪಷ್ಟವಾಗುತ್ತದೆ. ಮೊದಲಿನವನ್ನು ಬಿಟ್ಟುಬಿಡಿ, ಆದರೆ ಕಂಡರೆ ಬರೆದಿಡಿ. ಬೆದೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಹೆಚ್ಚುಕಡಿಮೆ 18ರಿಂದ 24 ದಿನದೊಳಗೆ ಬರುತ್ತದೆ. ಬೆದೆ ಇರುವುದು ಹನ್ನೆರಡರಿಂದ ಹದಿನೆಂಟು ಗಂಟೆ. ಅದು ಮುಗಿದ ಮೇಲೆ ಹತ್ತು ಹನ್ನೆರಡು ಗಂಟೆಗೆ ಅಂಡ ಹೊರಬೀಳುತ್ತದೆ.

ಗುಂಪಿನಲ್ಲಿರುವ ಹಸು ಇನ್ನೊಂದು ಹಸು ಮೈಮೇಲೆ ಹತ್ತಿದರೂ ಸುಮ್ಮನೆ ನಿಂತು ಬೆದೆ ತೋರಿಸುತ್ತದೆ. ಕೊಟ್ಟಿಗೆಯಲ್ಲಿ ಒಂಟಿಯಾಗಿ ಕಟ್ಟಿದ ಹಸುವಿಗೆ ಆ ಅವಕಾಶ ಇಲ್ಲ. ಅದರಲ್ಲಿ ನೋಡಬೇಕಾದದ್ದು ಕೂಗು, ಚಡಪಡಿಕೆ, ಹಾಲು ಇಳಿತ, ಊದಿದ ಯೋನಿ, ಎಳೆಯೆಳೆಯಾಗಿ ಜೋತುಬೀಳುವ ತಿಳಿ ಲೋಳೆ. 1940ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಟ್ರಿಂಬರ್ಗರ್ ಎಂಬ ವಿಜ್ಞಾನಿ ನಡೆಸಿದ ಅಧ್ಯಯನದಿಂದ ಬಂದ ಸೂತ್ರ ಇಂದಿಗೂ ನಡೆಯುತ್ತಿದೆ: ಬೆಳಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ. ಲೋಳೆಯಲ್ಲಿ ರಕ್ತ ಕಂಡರೆ ಅದು ಬೆದೆ ಮುಗಿದ ಮೇಲಿನ ಗುರುತು. ಆ ದಿನ ಓಡಬೇಕಿಲ್ಲ, ದಿನಾಂಕ ಬರೆದುಕೊಂಡು ಸುಮಾರು 18 ದಿನ ಕಳೆದ ಮೇಲೆ ಕಣ್ಣಿಟ್ಟು ಕಾಯಿರಿ.

ಗೋಡೆಯ ಕ್ಯಾಲೆಂಡರ್

ಇಷ್ಟನ್ನೂ ನೆನಪಿಡುವ ಅಗತ್ಯವಿಲ್ಲ, ಗೋಡೆಯ ಕ್ಯಾಲೆಂಡರ್ ಸಾಕು. ಸಂಕ್ರಾಂತಿಗೆ, ಅಂದರೆ ಜನವರಿ 15ರ ಬೆಳಗ್ಗೆ ಹಸು ಕರು ಹಾಕಿತೆಂದುಕೊಳ್ಳಿ. ಅಂದು ಸಂಜೆಯೊಳಗೆ ಕಸ ಬಿದ್ದ ಹೊತ್ತು ಬರೆಯಿರಿ. ಜನವರಿ 25ರವರೆಗೆ ದಿನಾ ಮೈಬಿಸಿ, ಮೇವು, ಸೋರಿಕೆಯ ನಾತ ನೋಡಿ. ಫೆಬ್ರುವರಿ 5ಕ್ಕೆ ಮೂರು ವಾರ, ಆಮೇಲೆ ಕೀವು ಕಂಡರೆ ಅದು ಸಹಜವಲ್ಲ. ಫೆಬ್ರುವರಿ 14ರ ಆಸುಪಾಸಿಗೆ, ಹಸು ಎಷ್ಟೇ ಚೆನ್ನಾಗಿದ್ದರೂ ವೈದ್ಯರಿಂದ ಗರ್ಭಕೋಶ ಪರೀಕ್ಷೆ ಮಾಡಿಸಿ. ಕಸ ನಿಂತಿದ್ದ, ಅವಳಿ ಹಾಕಿದ್ದ, ಕರು ಎಳೆದು ತೆಗೆಸಿದ್ದ, ಹಾಲುಜ್ವರ ಬಂದಿದ್ದ ಹಸುವಾದರೆ ಇದನ್ನು ಬಿಡುವಂತೆಯೇ ಇಲ್ಲ. ಮಾರ್ಚ್ 1ಕ್ಕೆ 45 ದಿನ. ಅಲ್ಲಿಂದ ಮುಂದೆ ಬರುವ ತಿಳಿ ಲೋಳೆಯ ಬೆದೆಗೆ ಕೃತಕ ಗರ್ಭಧಾರಣೆ ಮಾಡಿಸಬಹುದು. ಹೆಚ್ಚು ಹಾಲಿನ ಹಸುವಿಗೆ ಮಾರ್ಚ್ 16ರವರೆಗೆ, ಅಂದರೆ 60 ದಿನ ಕಾಯುವುದೂ ಸರಿಯೇ. ಮಾರ್ಚ್ 16ಕ್ಕೂ ಬೆದೆಯೇ ಕಾಣದಿದ್ದರೆ ಕಾಯುವುದು ಬೇಡ, ತೋರಿಸಿ. ಏಪ್ರಿಲ್ 10ರೊಳಗೆ ಗಬ್ಬ ನಿಂತರೆ ಮುಂದಿನ ಸಂಕ್ರಾಂತಿಗೆ ಮತ್ತೊಂದು ಕರು.

ಕರು ಹಾಕುವ ಜಾಗವನ್ನು ಒಣಗಿಸಿ, ಹುಲ್ಲು ಹಾಸಿ. ಕರು ತಾನಾಗಿ ಬರುತ್ತಿದ್ದರೆ ಕೈಹಾಕಬೇಡಿ. ಹಾಕಲೇಬೇಕಾದರೆ ಸೋಪಿನಿಂದ ಮೊಣಕೈವರೆಗೆ ತೊಳೆದು, ಉದ್ದ ಕೈಗವಸು ಹಾಕಿಕೊಂಡು ಹಾಕಿ. ಕಸ ಎಳೆಯಬೇಡಿ. ಅಂಗಡಿಯಲ್ಲಿ ಕೇಳಿ ತಂದ ಔಷಧಿಯನ್ನು ಗರ್ಭಕೋಶದ ಒಳಗೆ ಬಿಡಬೇಡಿ. ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಶೀಶೆ ಮನೆಯಲ್ಲಿದ್ದರೆ ಗರ್ಭಿಣಿಯರು ಅದನ್ನು ಮುಟ್ಟದಂತೆ ನೋಡಿಕೊಳ್ಳಿ. ಚರ್ಮದ ಮೂಲಕವೂ ಅದು ಒಳಹೋಗುತ್ತದೆ.

ಹೆಚ್ಚಿನ ಹಸುಗಳು ಯಾರ ಸಹಾಯವೂ ಇಲ್ಲದೆ ತಮ್ಮ ಗರ್ಭಕೋಶವನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಸರಿಮಾಡಿಕೊಳ್ಳಲಾಗದ ಹಸು ಯಾವುದೆಂದು ಮೊದಲ ಹತ್ತು ದಿನಗಳಲ್ಲಿ ಗುರುತಿಸುವುದು ಸಾಕುವವರ ಕೆಲಸ, ವಾಸಿಮಾಡುವುದು ವೈದ್ಯರ ಕೆಲಸ. ನಿಮ್ಮ ಹಸು ಮುಂದಿನ ಸಲ ಕರು ಹಾಕಿದಾಗ ಒಂದು ಥರ್ಮಾಮೀಟರ್, ಒಂದು ಪೆನ್ನು ಕೊಟ್ಟಿಗೆಯಲ್ಲೇ ಇಟ್ಟುಕೊಳ್ಳಿ.